ಚಹಾ ಹಾಕದ ಕಷಾಯ

೧೯ ಜೂನ್ ೧೯೪೪, ಸೋಮವಾರ

ಬ್ಯಾಂಡೇಜು ತೊಳೆದು, ಕುದಿಸಿ, ಒಣಹಾಕಿದೆ. ಮಳೆ ಬಂತು. ಎಲ್ಲ ತೆಗೆದು ವರಾಂಡದಲ್ಲಿ ಮತ್ತೆ ಹಾಕಿದೆ. ಆಸ್ಪತ್ರೆಯಲ್ಲಿ ಆಯಾ ಆಗಿ ಎಂಟು ತಿಂಗಳು. ಮಿಶನ್ ಸಾಲಿಯ ಓದು ಬಿಟ್ಟು ಎರಡು ವರ್ಷ.

ಪುಣೆಯಿಂದ ಬಂದ ಮಿಲಿಟರಿ ಗಾಡಿಯಿಂದ ಅಮೆರಿಕದ ಸೋಲ್ಜರ್ ಒಬ್ಬನನ್ನು ಹುಬ್ಬಳ್ಳಿಯಲ್ಲೇ ಇಳಿಸಿದ್ದಾರೆ. ಮಲೇರಿಯಾ. ಹೆಸರು ಆರ್ಸನ್. ಚಹಾ ಕೊಟ್ಟರೆ ಕೈ ಅಡ್ಡ ಹಿಡಿದ. ತನ್ನ ಧರ್ಮದಲ್ಲಿ ಇಲ್ಲವಂತೆ. ಕ್ರಿಸ್ತನವನಲ್ಲವೇ ಎಂದೆ. ಕ್ರಿಸ್ತನವನೇ, ಮಾರ್ಮನ್, ಎಂದ. ಇಂಥ ಪಂಗಡ ನಾನು ಕೇಳಿಲ್ಲ.

ಅಡುಗೆಯ ಕಾಸಿಮಸಾಬ ನಕ್ಕ. "ಚಹಾ ಬಿಟ್ಟಾಂವ ಯುದ್ಧ ಹ್ಯಾಂಗ ಮಾಡ್ತಾನ ಮಗಳ?"

ಶುಂಠಿ ಕಷಾಯ ಮಾಡಿಸಿದೆ. ಇದರಲ್ಲಿ ಚಹಾ ಇಲ್ಲ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಕುಡಿದ.

೨೨ ಜೂನ್, ಗುರುವಾರ

ಅವ್ವನದು ಮತ್ತೆ ಅದೇ. ಜುಲೈ ಎರಡಕ್ಕೆ ಚರ್ಚಿನಲ್ಲಿ ಕರ್ತನ ಭೋಜನ, ಮೇಜಿನ ಮುಂದೆ ಹೋಗಿ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು. ಹಿಂದಿನ ದಿನ ಪಾದ್ರಿ ಅಯ್ಯನವರ ಮನೆಗೆ ಹೋಗಿ ಹೆಸರು ಕೊಡಬೇಕು. ಯಾರೊಡನಾದರೂ ಜಗಳವಿದೆಯೇ ಎಂದು ಕೇಳುತ್ತಾರೆ. ಇದ್ದರೆ ಬರೆಯುವುದಿಲ್ಲ. ಎರಡು ವರ್ಷದಿಂದ ನನ್ನ ಹೆಸರು ಬರೆದಿಲ್ಲ.

ಇನ್‌ಸ್ಪೆಕ್ಟರು ಸಾಲಿಗೆ ಬರುವ ದಿನ ಹೆಡ್ ಅಕ್ಕೋರು ಊರಿಗೆ ಹೋದ ಹುಡುಗಿಯರಿಗೂ ಹಾಜರಿ ಹಾಕಿದ್ದರು. ಸುಳ್ಳು ಎಂದೆ, ಎಲ್ಲರೆದುರು. ರಜಿಸ್ಟರಿನ ಹಾಳೆ ಹರಿದೆ. ಚರ್ಚಿನಲ್ಲಿ ಎದ್ದು ನಿಂತು ಕ್ಷಮೆ ಕೇಳು ಎಂದರು ಅಯ್ಯನವರು. ಕೇಳಲಿಲ್ಲ. ಸಾಲಿ ಹೋಯಿತು, ಭೋಜನವೂ ಹೋಯಿತು.

"ಒಂದ ಮಾತ ಅಂದ್ರ ನಾಲಗಿ ಸವದ ಹೋಗ್ತೈತೇನ? ನಾ ಒಬ್ಬಾಕೀನ ಎದ್ದ ಹೋಗತೇನಿ. ಮಂದಿ ಹೊಳ್ಳಿ ಹೊಳ್ಳಿ ನಿನ್ನ ನೋಡ್ತಾರ."

"ಸುಳ್ಳ ಹೇಳಿ ಆ ರೊಟ್ಟಿ ತಿನ್ನಲೇನಬೇ?"

ಅವ್ವ ಬೆನ್ನು ತಿರುಗಿಸಿದಳು. ನನಗೂ ಆ ಮೇಜಿನ ಹಸಿವಿದೆ. ಅವಳಿಗೆ ಹೇಳಲಿಲ್ಲ.

೨೫ ಜೂನ್, ರವಿವಾರ

ಅಯ್ಯನವರ ಪ್ರಸಂಗ — ರಕ್ಷಣೆ ಬರೀ ಕೃಪೆಯಿಂದ. ಬರಿಗೈ ಚಾಚು, ಸಾಕು. ಬಾಗಿಲಲ್ಲಿ ತಡೆದು ಕೇಳಿದೆ: "ಕೃಪಾ ಪುಕ್ಕಟೆ ಅಂದ್ರಿ. ಮತ್ತ ನನಗ ಮದ್ಲ ಕ್ಷಮಾ ಕೇಳು ಅಂತೀರಲ್ರಿ?"

"ಕೃಪಾ ದೇವರದು, ಶಿಸ್ತು ಸಭೆದ್ದು. ನಿನಗ ಊಟಕ್ಕಿಂತ ವಾದ ಛಲೋ ಅನಸ್ತೈತಿ."

ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ಆರ್ಸನ್ ಹತ್ತಿರ ಅದನ್ನೇ ತೆಗೆದೆ. ಯೇಸು ಸತ್ತದ್ದರಿಂದ ಎಲ್ಲರೂ ಸಮಾಧಿಯಿಂದ ಏಳುತ್ತಾರೆ, ಅದು ಕೃಪೆ, ಎಂದ. ಆದರೆ ತಂದೆಯ ಹತ್ತಿರ, ಎಲ್ಲಕ್ಕೂ ಮೇಲಿನ ಮಹಿಮೆಗೆ ಹೋಗಲು ಆಜ್ಞೆ ಪಾಲಿಸಲೇಬೇಕು. ಅಲ್ಲಿಯೂ ಯೇಸು ಇಲ್ಲದೆ ಆಗದಂತೆ.

ಒಂದು ಕಪ್ ಚಹಾಕ್ಕೆ ದೇವರು ಬಾಗಿಲು ಹಾಕುತ್ತಾನೆಯೇ? ಕೇಳಿಯೇಬಿಟ್ಟೆ.

ಚಹಾದ ಮಾತಲ್ಲ, ದೇವರಿಗೆ ಕೊಟ್ಟ ಮಾತು, ಎಂದ.

ಒಪ್ಪಲಾರೆ. ಆದರೆ ಜ್ವರದಲ್ಲಿ ನಡುಗುತ್ತಲೂ ಅದನ್ನು ಹಿಡಿದುಕೊಂಡಿದ್ದಾನಲ್ಲ...

೨೯ ಜೂನ್, ಗುರುವಾರ

ಹಾಳಾಯಿತು. ಅಡುಗೆಮನೆಗೆ ಹೋದೆ. ಶುಂಠಿ, ಮೆಣಸು, ಬೆಲ್ಲ. ಮೇಲೆ ಕಾಸಿಮಸಾಬ ಒಂದು ಚಿಟಿಕೆ ಚಹಾಪುಡಿ ಉದುರಿಸಿದ.

"ಏನ್ ಮಾಡಾಕತ್ತೀರಿ ಕಾಕಾ!"

"ಪುಡಿ ಇಲ್ದ ಕಷಾಯಕ್ಕ ಬಣ್ಣ ಎಲ್ಲಿಂದ ಬರಬೇಕು? ಇದು ಚಹಾ ಅಲ್ಲ ಬಿಡು. ಇದರಾಗ ಹಾಲ ಎಲ್ಲೈತಿ?"

ಹತ್ತು ದಿನ. ದಿನಕ್ಕೆ ಎರಡು ಸಲ. ಇಲ್ಲ ಎಂದು ಹೇಳಿದವಳು ನಾನು. ನೋಡದೆ ಹೇಳಿದೆ.

"ಜ್ವರಾ ಬಿಟ್ಟೈತಿ, ನಾಳಿ ಗಾಡಿ ಹತ್ತತಾನ. ಸುಮ್ನ ಯಾಕ ಅಂವನ ಜೀವಕ್ಕ ಹಚ್ಚತಿ? ಬಾಯಿ ಮುಚ್ಕೊಂಡಿರು."

ಮಗ್ಗು ಚೆಲ್ಲಿದೆ. ಹೇಳುತ್ತೇನೆ.

೩೦ ಜೂನ್, ಶುಕ್ರವಾರ

ಹೇಳಿದೆ. ಬೂಟಿನ ಲೇಸು ಕಟ್ಟುತ್ತಿದ್ದ. ಕೈ ನಿಂತಿತು. ಕಿವಿಯೆಲ್ಲ ಕೆಂಪು.

ತಪ್ಪು ನನ್ನದು, ಕ್ಷಮಿಸಿ, ಎಂದೆ. ಎಷ್ಟು ಸುಲಭವಾಗಿ ಬಂತು ಆ ಮಾತು! ನಿಜವಾಗಿ ನನ್ನದೇ ತಪ್ಪು, ಅದಕ್ಕೇ ಬಂತು.

ಕಡೆಗೆ ಅಂದ: ನಿನಗೆ ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಇಂಥದ್ದಕ್ಕೇ ಯೇಸು ಇರುವುದು. ನಮ್ಮ ಅಯ್ಯನವರ ಹಾಗೆ ಮಾತಾಡುತ್ತೀಯಲ್ಲ, ಎಂದೆ. ನಕ್ಕ. ಆದರೂ ನೀರಿನ ಬಾಟಲಿ ತಾನೇ ತುಂಬಿಕೊಂಡು ಹೋದ.

ಅವನ ಹಾಸಿಗೆಯ ಚಾದರು ತೆಗೆಯುತ್ತಿದ್ದೆ. ಆಗ ಹೊಳೆಯಿತು. ಸುಳ್ಳು ಎಂದದ್ದು ಸರಿ. ಹಾಳೆ ಹರಿದದ್ದು? ನಿಜವಾಗಿ ಬಂದ ಹುಡುಗಿಯರ ಹಾಜರಿಯೂ ಅದೇ ಹಾಳೆಯಲ್ಲಿತ್ತು. ಹರಿದದ್ದು ನನ್ನ ಸಿಟ್ಟು. ಎರಡು ವರ್ಷ ಅದನ್ನೂ ಸತ್ಯ ಎಂದೇ ಕರೆದೆ.

೧ ಜುಲೈ, ಶನಿವಾರ

ಅಯ್ಯನವರು ಹೆಸರಿನ ಪುಸ್ತಕ ತೆರೆದರು. "ಯಾರ ಜೋಡಿ ಜಗಳ ಐತೇನ, ಜೀವರತ್ನಾ?"

"ಐತ್ರಿ. ಹಾಳಿ ಹರದದ್ದಕ್ಕ ಎಲ್ಲಾರ ಮುಂದ ಕ್ಷಮಾ ಕೇಳತೇನ್ರಿ. ಸುಳ್ಳ ಅಂದದ್ದಕ್ಕ ಕೇಳೂದಿಲ್ರಿ."

"ಇದೆಂಥಾ ಅರ್ಧಾ ವಿಧೇಯತಾ?"

"ಖರೇ ಇದ್ದಷ್ಟರೀ."

ಲೇಖನಿಯ ಮಸಿ ಒಣಗಿತು. ಮತ್ತೆ ಅದ್ದಿ ಹೆಸರು ಬರೆದರು. "ನಾಳಿ ಎದ್ದ ನಿಂದ್ರು. ಅಕ್ಕೋರೂ ಕೇಳಲಿ, ಹಿರ್‍ಯಾರೂ ಕೇಳಲಿ. ಭೋಜನ ಕೊಡೂದು ಬಿಡೂದು ಆಮ್ಯಾಲ."

೨ ಜುಲೈ, ರವಿವಾರ, ಬೆಳಿಗ್ಗೆ

ಬಿಳಿ ಸೀರೆ ಉಟ್ಟಿದ್ದೇನೆ. ಅವ್ವನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ.

"ಕೊಡಲಿಲ್ಲಂದ್ರ?"

"ಕುಂತಲ್ಲೇ ಕುಂದರತೇನಬೇ."

ಸೆರಗು ಸರಿಮಾಡಿಕೊಂಡಳು. "ಹಂಗಾದ್ರ ನಾನೂ ಏಳೂದಿಲ್ಲ."

ಚರ್ಚಿನ ಮೊದಲ ಗಂಟೆ ಬಾರಿಸಿತು. ಹೆಡ್ ಅಕ್ಕೋರು ಮುಂದಿನ ಸಾಲಿನಲ್ಲೇ ಕೂಡುತ್ತಾರೆ. ಅವರ ಮುಖ ನೋಡಿ ಹೇಳಬೇಕು, ನೆಲ ನೋಡಿ ಅಲ್ಲ.

ಎರಡನೇ ಗಂಟೆ. ನನ್ನ ಬೈಬಲನ್ನೂ ತಾನೇ ಎತ್ತಿಕೊಂಡು ಅವ್ವ ಬಾಗಿಲಲ್ಲಿ ನಿಂತಿದ್ದಾಳೆ. ನಾನೂ ಹೊರಟೆ.