ಮೇಜು ಮತ್ತು ಮೇಜವಾನಿ

ಕಾಕಾ,

ಮೇಲೆ ‘ತೀರ್ಥರೂಪ’ ಎಂದು ಬರೆಯಲು ಹೋಗಿ ಬಿಟ್ಟುಬಿಟ್ಟೆ. ನೀವಿದ್ದಾಗ ಆ ಶಬ್ದದ ದೀರ್ಘ ತಪ್ಪಿದ್ದಕ್ಕೆ ಒಮ್ಮೆ ಇಡೀ ಕಾಗದವನ್ನೇ ತಿದ್ದಿ ವಾಪಸು ಕಳಿಸಿದ್ದಿರಿ. ಈಗ ವಾಪಸು ಕಳಿಸಲಾರಿರಿ. ಆ ಧೈರ್ಯದ ಮೇಲೆ ಉದ್ದ ಬರೆಯುತ್ತೇನೆ.

ನಾನು ಮಾಸ್ತರನಾಗಿದ್ದೇನೆ. ನಗಬೇಡಿ. ನೀವು ಹೋದ ಮೇಲೆ ತಾಂಡೂರಿನ ಹೈಸ್ಕೂಲಿಗೆ ಕನ್ನಡ ಕಲಿಸಲು ಹುಕುಂ ಬಂತು. ಉಳಿದ ಪಾಠವೆಲ್ಲ ಉರ್ದುವಿನಲ್ಲೇ. ಕನ್ನಡಕ್ಕೆ ಸಿಕ್ಕಿದ್ದು ಮೂಲೆಯ ಕೋಣೆ ಮತ್ತು ಊಟವಾದ ಮೇಲಿನ ತೂಕಡಿಕೆಯ ತಾಸು. ನಾನು ಬಿ.ಎ. ಮುಗಿಸಿ ಊರಿಗೆ ಬಂದ ದಿನ ನ್ಯಾಲ್ಕಲ್ಲಿನ ಕಟ್ಟೆಯ ಮೇಲೆ ನೀವು ಹೇಳಿದ್ದು ನೆನಪಿದೆಯೇ? “ನಮ್ಮ ಶಂಕ್ರ್ಯಾ ಸಾಹಿತ್ಯ ಭಾಳ ಓದ್ಯಾನ. ಆದ್ರ ಯಾರಿಗೂ ಹೇಳಂಗಿಲ್ಲ, ಗುಟ್ಟಾಗಿ ಇಟ್ಕೊಂಡಾನ.” ಕಟ್ಟೆ ಪೂರ್ತಿ ನಕ್ಕಿತ್ತು. ನಾನೂ ನಕ್ಕಿದ್ದೆ, ಗೋಡೆಯ ಕಡೆ ಮುಖ ಮಾಡಿ.

ನಿಮ್ಮ ಪಡಸಾಲೆಯ ಶಾಲೆ ಕಣ್ಣಿಗೆ ಕಟ್ಟಿದಂತಿದೆ. “ಸಾಲಾಗಿ ಕೂಡ್ರಿ, ನನ್ನ ಮಾರಿ ನೋಡ್ರಿ!” ಎಂದು ನೀವು ಗದರಿದರೆ ಹೊರಗೆ ಹೋಗುತ್ತಿದ್ದ ಗಾಡಿಯವನು ಇಣುಕಿ, “ಮಾಸ್ತರ, ಜರಾ ಮೆಲ್ಲಕ ಕಲಸ್ರಿ, ಎತ್ತು ಮುಂದಕ್ಕ ಹೋಗವಲ್ಲವು” ಎನ್ನುತ್ತಿದ್ದ. ನಿಮಗೆ ಆ ಗಂಟಲಿತ್ತು. ನನಗೆ? ಮೊದಲ ದಿನ ಬೆಂಚುಗಳ ಸಾಲಿನ ಎದುರು ನಿಂತೆ. ಅಷ್ಟೂ ಕಣ್ಣುಗಳು ನನ್ನ ಮೇಲೆ. ಹಾಜರಿ ಪುಸ್ತಕ ತೆರೆದು, ಎಲ್ಲಕ್ಕಿಂತ ಮೇಲೆ ಬರೆದಿದ್ದ ಹೆಸರನ್ನು ಕರೆದೆ. ಯಾರೂ ಓ ಎನ್ನಲಿಲ್ಲ. ಗೈರುಹಾಜರಿ ಹಾಕಿದೆ. ಆಮೇಲೆ ನೋಡಿದರೆ ಅದು ಮಾಸ್ತರನ ಹೆಸರು, ನನ್ನದೇ. ಆ ವಾರವೆಲ್ಲ ಕಿಟಕಿಗೆ ಪಾಠ ಹೇಳಿದೆ. ಕಿಟಕಿ ಚೆನ್ನಾಗಿ ಕೇಳಿಸಿಕೊಂಡಿತು. ಹುಡುಗರು ನಿದ್ದೆ ಮಾಡಿದರು. ರಾಜೀನಾಮೆಗೆ ಯಾವ ಶಬ್ದಗಳು ಸೊಗಸು ಎಂದು ಹುಡುಕತೊಡಗಿದೆ.

ಆಗ ನಿಮ್ಮ ಕೊನೆಯ ದಿನ ನೆನಪಾಯಿತು. ನಿಮ್ಮ ಹಣೆಗೆ ವಿಭೂತಿ ಬಳಿದು, ನಮ್ಮವರ ಪದ್ಧತಿಯಂತೆ ಗೋಡೆಗೊರಗಿಸಿ ಕೂಡಿಸಿದ್ದರು. ನಿಮ್ಮ ಶಿಷ್ಯರೆಲ್ಲ ಬಂದಿದ್ದರು. ಅವರು ಸಾಲು ಬಿಟ್ಟು ಕೂತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಲ್ಲೊಂದು ಗುಂಪು, ಇಲ್ಲೊಂದು ಗುಂಪು, ಮಂಡಿಗೆ ಮಂಡಿ ತಾಗಿಸಿ, ಒಬ್ಬರ ಮುಖ ಒಬ್ಬರು ನೋಡುತ್ತ ಮಾತಾಡಿದರು. ಮಗ್ಗಿಯಲ್ಲಿ ಯಾರು ಎಲ್ಲಿ ತಪ್ಪುತ್ತಿದ್ದರು, ನೀವು ಹೇಗೆ ಕಿವಿ ಹಿಂಡುತ್ತಿದ್ದಿರಿ ಎಂದು ಅಳುತ್ತ, ನಗುತ್ತ, ಒಬ್ಬರನ್ನೊಬ್ಬರು ತಿದ್ದುತ್ತ... ನಿಮ್ಮ ಎದುರಿಗೇ ಅಷ್ಟು ಗಲಾಟೆ, ನೀವು ಒಮ್ಮೆಯೂ ಗದರಲಿಲ್ಲ. ಯಾರೂ ನನ್ನ ಕಡೆ ನೋಡಲೂ ಇಲ್ಲ. ನನಗೆ ಹೊಳೆದದ್ದು ಇಷ್ಟೇ: ಹುಡುಗರು ಒಬ್ಬರನ್ನೊಬ್ಬರು ನೋಡುವಂತೆ ಕೂತರೆ ನನ್ನನ್ನು ನೋಡುವವರು ಯಾರು?

ಮೇಜುಗಳಿರಲಿಲ್ಲ. ಆದರೆ ತಾಂಡೂರಿನಲ್ಲಿ ಕಲ್ಲಿಗೆ ಬರವೇ? ಗಣಿಯ ಬಾಯಿಯಲ್ಲಿ ಮೂಲೆ ಮುರಿದ ಫರಶಿ ಚಪ್ಪಡಿಗಳು ರಾಶಿ ಬಿದ್ದಿದ್ದವು. ಗಾಡಿಯಲ್ಲಿ ತಂದು, ಕಲ್ಲು ಪೇರಿಸಿ, ಅದರ ಮೇಲೆ ಒಂದೊಂದು ಚಪ್ಪಡಿ ಕೂರಿಸಿ, ಸುತ್ತ ಬೆಂಚು ಎಳೆಸಿದೆ. ಆಗಲೇ ಗೊತ್ತಾದದ್ದು, ಆ ನೀಲಿ ಕಲ್ಲಿನ ಮೇಲೆ ಬಳಪ ಎಷ್ಟು ಚೆನ್ನಾಗಿ ಮೂಡುತ್ತದೆಂದು. ಮೇಜೇ ಪಾಟಿ! ನಾಲ್ಕೂ ದಿಕ್ಕಿನಿಂದ ಬರೆಯುತ್ತಾರೆ, ಜಗಳಾಡುತ್ತಾರೆ, ಅಂಗೈಯಿಂದ ಒರೆಸುತ್ತಾರೆ. “ಏ, ಒತ್ತು ಕೊಡಲೇ!” “ನೀ ಕೊಡು, ನಿನ್ನ ಕಡೆಗದ!” ಊಟದ ನಂತರದ ನಿದ್ದೆ ಎಲ್ಲಿ ಹೋಯಿತೋ. ನಾನು ಮೇಜಿನಿಂದ ಮೇಜಿಗೆ ಸುಳಿದು, ಬಗ್ಗಿ, ಮೂರು ನಾಲ್ಕು ಜನರಿಗೆ ಮೆಲ್ಲಗೆ ಹೇಳುತ್ತೇನೆ. ಅಷ್ಟು ಜನರ ಎದುರು ನನಗೆ ಮಾತು ಬರುತ್ತದೆ, ಕಾಕಾ. ಗುಟ್ಟಾಗಿ ಇಟ್ಟುಕೊಂಡದ್ದೆಲ್ಲ ಹೊರಗೆ ಬರುತ್ತದೆ. ರಾಜೀನಾಮೆಯ ಸೊಗಸಾದ ಶಬ್ದಗಳನ್ನು ಹುಡುಗರ ನಿಬಂಧಕ್ಕೆ ಕೊಟ್ಟುಬಿಟ್ಟೆ.

ಆದರೆ ಒಂದು ಶಬ್ದ ನನ್ನ ಕೈ ಮೀರಿ ಓಡಿತು. “ನಾಳೆಯಿಂದ ಎಲ್ಲರೂ ಮೇಜಿನ ಸುತ್ತ ಕೂಡಬೇಕು” ಎಂದು ಹುಡುಗರಿಗೆ ಹೇಳಿದ್ದೆ. ಅವರು ಮನೆಯಲ್ಲಿ ಹೇಳಿದರು. ಮೇಜನ್ನು ಕಂಡ ಮನೆ ಈ ಕಡೆ ಎಷ್ಟಿವೆ? ಆದರೆ ಮೇಜವಾನಿ ಗೊತ್ತಿಲ್ಲದವರು ಯಾರು? ಮೂರು ದಿನದಲ್ಲಿ ಸುದ್ದಿ ಪಕ್ಕದ ಬಶೀರಾಬಾದ್ ದಾಟಿತು: ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ ದಿನಾಲೂ ಮೇಜವಾನಿ ಮಾಡುತ್ತಾನೆ, ಎಲ್ಲ ಜಾತಿಯವರನ್ನೂ ಒಟ್ಟಿಗೆ ಕೂಡಿಸಿ ಉಣಿಸುತ್ತಾನೆ.

ನಮ್ಮ ಮುಖ್ಯೋಪಾಧ್ಯಾಯರು, ಎಲ್ಲರೂ ಸದರ್ ಸಾಹೇಬರು ಎನ್ನುತ್ತಾರೆ, ರೂಮಿ ಟೊಪ್ಪಿಗೆ ಸರಿಮಾಡಿಕೊಳ್ಳುತ್ತ ನನ್ನನ್ನು ಕರೆಸಿದರು. “ಕ್ಯಾ ಮಾಸ್ಟರ್ ಸಾಬ್, ಯೇ ಮದರ್ಸಾ ಹೈ ಯಾ ಚಾಯ್‌ಖಾನಾ?” ಇದು ಶಾಲೆಯೋ ಚಹಾದಂಗಡಿಯೋ ಎಂಬುದು ಅವರ ಪ್ರಶ್ನೆ. ಆಮೇಲೆ ಕನ್ನಡಕ್ಕೆ ಇಳಿದರು: “ನೋಡ್ರಿ, ಅಡತಿ ಅಂಗಡಿ ಬಸಣ್ಣ ಶೆಟ್ರು ನಾಳಿ ಬರ್ತಾರ. ಅವರು ಮಗನ್ನ ಬಿಡಿಸಿದ್ರ ಅರ್ಧ ಸಾಲಿ ಖಾಲಿ. ಹಂಗೇನರ ಆತು ಅಂದ್ರ ಫರಶಿ ಹೊರಗ, ಬೆಂಚು ಮತ್ತ ಸಾಲಾಗಿ, ನೀವು ಬೋರ್ಡಿನ ಮುಂದ. ಸಮಝೆ?” ತಿಳಿಯಿತು. ಬೋರ್ಡಿನ ಮುಂದೆ, ಮತ್ತೆ ಆ ಕಣ್ಣುಗಳು... ಅದಕ್ಕಿಂತ ಊರಿಗೆ ಹೋಗಿ ಜೋಳ ಕಾಯುವುದು ಮೇಲು ಎಂದುಕೊಂಡೆ.

ಮರುದಿನ ಶೆಟ್ಟರು ಬಂದರು. ಅವರ ಬೆನ್ನಿಗೇ, ಕರೆಯದಿದ್ದರೂ, ಕಂಬಳಿ ಹೊದ್ದ ಬೀರಪ್ಪನೂ ಬಂದ. ಕುರಿ ಕಾಯುವವನು, ಅವನ ಮಗ ಮಾಳಪ್ಪ ಶೆಟ್ಟರ ಮಗ ಶಿವಲಿಂಗನ ಮೇಜಿನವನೇ. ಶೆಟ್ಟರು ಸಿಟ್ಟಿನಿಂದ ಬಂದಿದ್ದರು, ಬೀರಪ್ಪ ಹಸಿವಿನಿಂದ.

“ಎಲ್ಲಿ ಅದ ಊಟ?” ಎಂದರು ಶೆಟ್ಟರು.

“ನಾನೂ ಅದನ್ನ ಕೇಳಾಕ ಬಂದೀನ್ರಿ,” ಎಂದ ಬೀರಪ್ಪ.

ಹುಡುಗರಿಗೆ ಆ ದಿನ ನಾನು ಕೊಟ್ಟಿದ್ದ ಕೆಲಸ ನೋಡಿ, ಕಾಕಾ, ನನ್ನ ಗ್ರಹಚಾರ: ಒಂದೊಂದು ಮೇಜಿನವರೂ ಒಂದು ಲಗ್ನಪತ್ರಿಕೆ ಬರೆಯಬೇಕು. ಶೆಟ್ಟರು ಮಗನ ಮೇಜಿನ ಮೇಲೆ ಬಗ್ಗಿದರು. ಅಕ್ಷರ ಅವರಿಗೆ ತಲೆಕೆಳಗಾಗಿತ್ತು. ಕುತ್ತಿಗೆ ತಿರುವಿ ಓದಿದರು. “ಸಹಕುಟುಂಬ ಊಟಕ್ಕೆ ಬರಬೇಕು! ಸದರ್ ಸಾಹೇಬ್ರನ್ನ ಕರೀರಿ! ಕಲ್ಲಿನ ಮ್ಯಾಲ ಬರದಿಟ್ಟಾರ, ಇನ್ನ ಇಲ್ಲ ಅಂತೀರೇನು?”

“ಅಪ್ಪಾ, ಅದು ಲಗ್ನಪತ್ರ್ಯಾ,” ಎಂದ ಶಿವಲಿಂಗ. “ಯಾರೂ ಏನೂ ಉಣಸಂಗಿಲ್ಲ. ಬರೇ ಬರಿಯೋದು.”

“ಊಟ ಇಲ್ಲ?” ಶೆಟ್ಟರ ಮುಖದ ಮೇಲೆ ಸಮಾಧಾನ ಬರಬೇಕಿತ್ತು, ಬಂದದ್ದು ಅವಮಾನ. “ಮೇಜವಾನಿ ಅಂತ ಊರ ತುಂಬ ಹೇಳಿ, ಹುಡುಗೂರ್ನ ಬರೇ ಹೊಟ್ಟಿಲೆ ಕಳಸ್ತೀರೇನ್ರಿ ಮಾಸ್ತರ?” ನಾನು ಏನಾದರೂ ಹೇಳುವಷ್ಟರಲ್ಲಿ ಅವರ ಕಣ್ಣು ಮತ್ತೆ ಕಲ್ಲಿಗೆ ಹೋಯಿತು. “ಲಗ್ನ ಯಾರ್ದು?”

ಮಾಳಪ್ಪ ಮೆಲ್ಲಗೆ ನನ್ನ ಕಡೆ ಬೆರಳು ತೋರಿಸಿದ. “ಮಾಸ್ತರದ್ರಿ. ಹುಡುಗಿ ಜಾಗಾ ಖಾಲಿ ಬಿಟ್ಟೀವಿ. ಇನ್ನಾ ಸಿಕ್ಕಿಲ್ಲ.”

ಭೂಮಿ ಬಾಯಿ ಬಿಡಲಿಲ್ಲ. ಫರಶಿ ಅಡ್ಡ ಇತ್ತೆಂದು ಕಾಣುತ್ತದೆ. ಶೆಟ್ಟರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, “ಪಾಪ” ಎಂದು ಬೆಂಚಿನ ಮೇಲೆ ಕೂತರು. “ಮನಿದೇವರ ಹೆಸರಿಲ್ಲದ ಪತ್ರ್ಯಾ ಇದು? ಮ್ಯಾಲ ಬರಿಯೋ, ವೀರಭದ್ರೇಶ್ವರ ಪ್ರಸನ್ನ. ಹಿರೀರ ಹೆಸರು ಮೊದಲ ಬರಬೇಕು, ನಿನ್ನ ಹೆಸರ್ಯಾಕೋ ಮೊದಲ?” ಬೀರಪ್ಪ ಎದುರಿನ ಬೆಂಚಿನಲ್ಲಿ ಕಂಬಳಿ ಮಡಚಿ ಕೂತ. “ನನಗ ಓದಾಕ ಬರಂಗಿಲ್ಲ. ಊಟದಾಗ ಏನೇನದ ಅದನ್ನರ ಓದ್ರಿ. ಎರಡು ಹೋತ ನನ್ನ ಕಡೀಲೆ ಅಂತ ಬರ್ಕೋರಿ.”

“ಏ ಬೀರ್ಯಾ! ನಮ್ಮ ಮಂದಿ ಲಗ್ನದಾಗ ಹೋತ?”

“ಹಂಗಾರ ಎರಡು ಕಂಬಳಿ ಬರೀರಿ. ಬರೇಗೈಲೆ ಹ್ಯಾಂಗ ಬರ್ಲಿ?”

ಆ ಮೇಜು ಜಗಳಕ್ಕೆ ಬಿತ್ತು. ಪಕ್ಕದ ಮೇಜಿನ ಹುಡುಗರು ಎದ್ದು ಬಂದು ತಮ್ಮ ಪತ್ರಿಕೆಯನ್ನೂ ತಿದ್ದಿಕೊಡಿ ಎಂದು ಶೆಟ್ಟರ ಕೋಟು ಹಿಡಿದು ಎಳೆದರು. ಆ ಹೊತ್ತಿಗೆ ಸದರ್ ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ಶೆಟ್ಟರ ಬೆರಳಿಗೆಲ್ಲ ಬಳಪ, ಬೀರಪ್ಪನ ಕಂಬಳಿಗೂ ಬಳಪ, ಎದುರುಬದುರು ಕೂತು ಇಬ್ಬರೂ ಕಲ್ಲು ಕುಟ್ಟುತ್ತಿದ್ದರು.

“ಸಬಕ್ ಕೌನ್ ಪಢಾರಾ ಯಹಾಂ?” ಇಲ್ಲಿ ಪಾಠ ಹೇಳುತ್ತಿರುವವರು ಯಾರು ಎಂದು ಅವರು ಕೇಳಿದರು.

“ತಡೀರಿ ಸಾಹೇಬ್ರ,” ಎಂದರು ಶೆಟ್ಟರು, ತಲೆ ಎತ್ತದೆ. “ಇನ್ನ ಮುಹೂರ್ತ ಬರಿಯೋದು ಅದ.”

ಶಿವಲಿಂಗ ಶಾಲೆ ಬಿಡಲಿಲ್ಲ. ಫರಶಿಗಳು ಅಲ್ಲೇ ಇವೆ. ಸದರ್ ಸಾಹೇಬರು ಹೋಗುವಾಗ ನನ್ನ ಭುಜ ತಟ್ಟಿ, “ನೀವು ಮಾತಾಡಂಗಿಲ್ಲ, ಆದ್ರ ಎಲ್ಲಾರ ಕೈಲೆ ಮಾತಾಡಿಸ್ತೀರಿ” ಎಂದರು. ನೀವಿದ್ದಿದ್ದರೆ ಈ ಮಾತಿಗೆ ಏನನ್ನುತ್ತಿದ್ದಿರಿ? ಕಟ್ಟೆಯ ಮೇಲೆ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಿರಿ, ಅಲ್ಲವೇ? ಇಲ್ಲ, ಮೊದಲು ನನ್ನನ್ನು ಒಮ್ಮೆ ಬೈದು, ಆಮೇಲೆ...

ನಿಮಗೆ ತಿಳಿಯದ ಸುದ್ದಿ ಇನ್ನೊಂದಿದೆ. ಇವತ್ತೇ ಬಂತು. ಸದರ್ ಸಾಹೇಬರು ನನ್ನ ಕಲ್ಲಿನ ಮೇಜಿನ ಬಗ್ಗೆ ಮೇಲಿನವರಿಗೆ ಹೊಗಳಿ ಬರೆದಿದ್ದಾರೆ. ಬಹುಮಾನವಾಗಿ ನನಗೆ ಶಿಕ್ಷೆಯಾಗಿದೆ: ಬರುವ ವಾರ ಜಹೀರಾಬಾದಿನಲ್ಲಿ ಆ ಕಡೆಯ, ನಾರಾಯಣಖೇಡದ, ತಾಂಡೂರಿನ ಮಾಸ್ತರರೆಲ್ಲ ಸಾಲಾಗಿ ಬೆಂಚುಗಳ ಮೇಲೆ ಕೂಡುತ್ತಾರಂತೆ. ನಾನು ಅವರೆದುರು ನಿಂತು, ಹುಡುಗರನ್ನು ಹೀಗೆ ಕೂಡಿಸುವುದು ಏಕೆ ಒಳ್ಳೆಯದೆಂದು ಹೇಳಬೇಕಂತೆ.

ಜ್ವರ ಬಂದಿದೆ ಎಂದು ಬರೆಯಲು ಕುಳಿತಿದ್ದೆ. ಬರೆದದ್ದು ನಿಮಗೆ. ಹೋಗುತ್ತೇನೆ, ಕಾಕಾ. ಮೊದಲ ವಾಕ್ಯ ಬಾಯಿಪಾಠವಾಗಿದೆ: “ದಯಮಾಡಿ ಎಲ್ಲರೂ ಏಳ್ರಿ, ಬೆಂಚು ಎದುರಾಬದುರು ತಿರುಗಿಸ್ರಿ.” ಅಲ್ಲಿಗೆ ಅರ್ಧ ಜನರ ಬೆನ್ನು ನನ್ನ ಕಡೆ ಆಗುತ್ತದೆ. ಉಳಿದ ಅರ್ಧದ ಮುಖ ನೋಡಿ ಮಾತಾಡುತ್ತೇನೆ. ಮಾತಾಡಿಯೇ ಬರುತ್ತೇನೆ.

ನಿಮ್ಮ
ಶಂಕರ