ಜೆಟ್ಟಿಯ ತುದಿಯ ಬೆಂಚು ಮತ್ತು ಒಬ್ಬರೇ ಬರುವವರು

ಬಂದರು ಅಭಿವೃದ್ಧಿ ಮಂಡಳಿಯ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ಮೀನುಗಾರಿಕೆ ಜೆಟ್ಟಿಯ ತುದಿಯಲ್ಲಿದ್ದ ಉದ್ದನೆಯ ಮರದ ಬೆಂಚನ್ನು ತಾವು ಕೀಳಿಸಿದ್ದೀರಿ. ಅಲ್ಲೀಗ ತಮ್ಮ ಹೊಸ ಹೋಟೆಲಿನ ಗಾಜಿನ ಮೇಜುಗಳು ಬಂದಿವೆ. ಒಂದೊಂದು ಮೇಜಿಗೂ ಎರಡು ಇಲ್ಲವೇ ನಾಲ್ಕು ಕುರ್ಚಿ. ಬಾಗಿಲಲ್ಲಿ ಫಲಕವೂ ಇದೆ: 'ಸಮುದ್ರದ ಬದಿಯ ಮೇಜುಗಳು ಕನಿಷ್ಠ ಇಬ್ಬರಿಗೆ ಮಾತ್ರ.' ನಾನು ಒಬ್ಬಳೇ ಬರುವವಳು. ಹಾಗಾಗಿ ಸಮುದ್ರ ನನಗೆ ಅನ್ವಯಿಸುವುದಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದರೆ ತಿದ್ದಬೇಕು.

ಒಬ್ಬರೇ ಬಂದವರಿಗೂ ಜಾಗವಿದೆ ಎಂದು ತಮ್ಮವರು ಹೇಳುತ್ತಾರೆ. ಇದೆ, ನೋಡಿದ್ದೇನೆ. ಒಳಗೆ, ಕೈ ತೊಳೆಯುವ ತೊಟ್ಟಿಯ ಪಕ್ಕ, ಗೋಡೆಗೆ ಮುಖ ಮಾಡಿದ ಒಂದು ಹಲಗೆ. ಆ ಗೋಡೆಯ ಮೇಲೆ ಸಮುದ್ರದ ದೊಡ್ಡ ಚಿತ್ರ ಹಾಕಿಸಿದ್ದೀರಿ. ನಿಜವಾದ ಸಮುದ್ರ ಬೆನ್ನ ಹಿಂದೆ ಹತ್ತು ಮಾರು ದೂರದಲ್ಲಿ ಭೋರೆನ್ನುತ್ತಿರುವಾಗ ಅದರ ಚಿತ್ರ ನೋಡುತ್ತಾ ಸೂಪು ಕುಡಿಯುವ ಸೌಭಾಗ್ಯ ಬೇರೆ ಯಾವ ಊರಿನಲ್ಲಿದೆಯೋ ನಾನರಿಯೆ. ಈ ಏರ್ಪಾಡನ್ನು ಯೋಚಿಸಿದ ತಲೆಗೆ ನನ್ನ ನಮಸ್ಕಾರ.

ಹಾಗೆಂದು ನಾನು ಅಭಿವೃದ್ಧಿಯ ವಿರೋಧಿಯಲ್ಲ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಹಳೇ ಬಟ್ಟೆಗಳ ಅಳತೆ ತಿದ್ದಿ ಹೊಟ್ಟೆ ಹೊರೆಯುವವಳು ನಾನು. ಸಡಿಲ ಮಾಡುವುದು, ಬಿಗಿ ಮಾಡುವುದು, ಹಳೆಯದನ್ನು ಹೊಸದರಂತೆ ಕಾಣಿಸುವುದು ನನಗೂ ಗೊತ್ತು. ಆದರೆ ಬಟ್ಟೆ ಕತ್ತರಿಸುವ ಮೊದಲು ಅದನ್ನು ತೊಡುವವರನ್ನು ಒಂದು ಮಾತು ಕೇಳುತ್ತೇನೆ. ತಾವು ಯಾರನ್ನು ಕೇಳಿದಿರಿ? ಕೋಳಿಯನ್ನು ಕೇಳಿ ಮಸಾಲೆ ಅರೆಯುವುದುಂಟೇ ಎನ್ನುತ್ತೀರೇನೋ. ಸರಿ, ಅರೆದಿರಿ. ಜೆಟ್ಟಿಗೆ ಬಣ್ಣದ ದೀಪ ಬಂತು, ಉಕ್ಕಿನ ಕಟಕಟೆ ಬಂತು, ಫೋಟೋ ತೆಗೆಸಿಕೊಳ್ಳಲು ಹೃದಯದಾಕಾರದ ಚೌಕಟ್ಟು ಬಂತು. ಮೂಗಿಗಿಂತ ಮೂಗುತಿ ಭಾರವಾಯಿತು. 'ಇಲ್ಲಿನ ಜೀವಿಗಳು' ಎಂಬ ಫಲಕದಲ್ಲಿ ನಗುತ್ತಿರುವ ಡಾಲ್ಫಿನ್ ಇದೆ. ಇಷ್ಟು ವರ್ಷದಲ್ಲಿ ನಾನದನ್ನು ಇಲ್ಲಿ ನೋಡಿಲ್ಲ. ಜೆಟ್ಟಿಯ ಕಂಬಗಳ ಸಂದಿಯಲ್ಲಿ ಸಂಸಾರ ಹೂಡಿದ್ದ ನೀರುನಾಯಿ, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆ, ಮೀನಿನ ಬುಟ್ಟಿಗೆ ಹೊಂಚು ಹಾಕುವ ಬಕ ಇವು ಫಲಕದಲ್ಲಿಲ್ಲ. ಬಹುಶಃ ಅವುಗಳಿಗೆ ನಗಲು ಬರುವುದಿಲ್ಲ.

ಈಗ ಬೆಂಚಿನ ವಿಷಯಕ್ಕೆ ಬರುತ್ತೇನೆ. ಒಡೆದ ದೋಣಿಯ ಹಲಗೆಗಳಿಂದ ಮಾಡಿದ ಮೇಜು, ಅದರ ಎರಡೂ ಬದಿಗೆ ಬೆಂಚು. ಪಕ್ಕದಲ್ಲಿ ಅಕ್ಕನ ತಗಡಿನ ಗೂಡಂಗಡಿ. ಊರಿಗೆಲ್ಲ ಅವರು ಅಕ್ಕನೇ, ಅವರಿಗಿಂತ ಹಿರಿಯಳಾದ ನನಗೂ. ಹುರಿದ ಮೀನು, ಬ್ರೆಡ್ಡು, ಸೂಪು, ಟೀ. ಅಲ್ಲಿಗೆ ಬರುವವರು ಹೆಚ್ಚಾಗಿ ಒಂಟಿಗಳೇ: ಬಲೆ ರಿಪೇರಿಯವರು, ದುರ್ಬೀನು ಹಿಡಿದು ಹಕ್ಕಿ ನೋಡುವವರು, ನೀರು ಇಳಿದಾಗ ಮರಳಿನಲ್ಲಿ ಏನಾದರೂ ಹೆಕ್ಕುತ್ತಾ ಅಲೆಯುವ ನನ್ನಂಥವರು. ಅಲೆದು ಬಂದವರು ಸಿಕ್ಕಿದ್ದನ್ನು ಮೇಜಿನ ಮೇಲೆ ಇಡಬೇಕು, ಅದು ರೂಢಿ. ಚಿಪ್ಪು, ಬಲೆಯ ಬೆಂಡು, ಅಲೆಯಲ್ಲಿ ಉಜ್ಜಿ ಉಜ್ಜಿ ನುಣುಪಾದ ಬಾಟಲಿ ಚೂರು. 'ಇವತ್ತು ಏನ್ ಸಿಕ್ತು?' ಎಂದು ಎದುರಿನವರು ಕೇಳಬೇಕು. ಅಲ್ಲಿಂದ ಮಾತು ಶುರು.

ಇನ್ನೊಂದು ರೂಢಿಯೂ ಇತ್ತು. ಹೆಸರು, ಮನೆ, ಮಕ್ಕಳು, ಗಂಡ, ಹೆಂಡತಿ ಇವನ್ನು ಯಾರೂ ಕೇಳುವಂತಿರಲಿಲ್ಲ. ಹೊಸಬರು ಬಾಯಿತಪ್ಪಿ ಕೇಳಿದರೆ ಅಕ್ಕ ಒಳಗಿನಿಂದಲೇ, "ಯಾಕ್ರೀ, ಸಂಬಂಧ ನೋಡ್ತಿದ್ದೀರಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ನಮ್ಮೆಲ್ಲರಿಗೂ ಅದು ಹಿತವಾಗಿತ್ತು. ಮನೆಯವರು ತೀರಿಕೊಂಡ ಮೇಲೆ ಬೀದಿಯಲ್ಲಿ ಸಿಕ್ಕವರೆಲ್ಲ ತಲೆ ಓರೆ ಮಾಡಿ "ಹೇಗಿದ್ದೀರಿ?" ಎಂದು ಕೇಳುವ ಆ ರಾಗವಿದೆಯಲ್ಲ, ಅದರಿಂದ ತಪ್ಪಿಸಿಕೊಳ್ಳಲು ನನಗಿದ್ದ ಒಂದೇ ಜಾಗ ಅದು.

ನನ್ನ ಎದುರಿಗೆ ಒಬ್ಬರು ಕೂರುತ್ತಿದ್ದರು. ತೆಳ್ಳಗೆ, ಎತ್ತರಕ್ಕೆ, ಕೂತರೆ ಮೊಣಕಾಲು ಮೇಜಿಗೆ ತಾಗುವಷ್ಟು. ದಡಕ್ಕೆ ಬಂದ ಒಂಟಿ ಚಪ್ಪಲಿಗಳನ್ನು ಹೆಕ್ಕುವುದು ಅವರ ಹವ್ಯಾಸ. ತೊಳೆದು, ಜೆಟ್ಟಿಯ ಮರದ ಕಂಬಕ್ಕೆ ಹೊಡೆದ ಮೊಳೆಗಳಿಗೆ ತೂಗುಹಾಕುತ್ತಿದ್ದರು. "ಯಾರಾದ್ರೂ ಹುಡುಕ್ಕೊಂಡ್ ಬರ್ತಾರೆ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಂದು ದಿನ ದೋಣಿಯವನೊಬ್ಬ ತನ್ನದೇ ಚಪ್ಪಲಿ ಕಂಡು ಕುಣಿದಾಡಿ, ಆಮೇಲೆ ಇನ್ನೊಂದನ್ನು ತಾನೇ ಎಸೆದುಬಿಟ್ಟಿದ್ದು ನೆನಪಾಗಿ ತಲೆ ಚಚ್ಚಿಕೊಂಡ. ಇವರು ಅವನ ಭುಜ ತಟ್ಟಿ, "ಎಸೆದಿದ್ದು ನೀರಿಗೇ ತಾನೇ? ಬರುತ್ತೆ ಬಿಡು" ಎಂದರು. ಆವತ್ತು ನಕ್ಕಷ್ಟು ನಾನು ಇತ್ತೀಚಿನ ವರ್ಷಗಳಲ್ಲಿ ನಕ್ಕಿರಲಿಲ್ಲ.

ನೀಲಿ ಗಾಜಿನ ಚೂರು ಸಿಕ್ಕರೆ ಅದನ್ನು ನನ್ನ ಕಡೆಗೆ ಸರಿಸುತ್ತಿದ್ದರು. ಗಾಳಿಗೆ ಬೆನ್ನಾಗುವ ಜಾಗ ನನಗೆ ಬಿಟ್ಟು ತಾವು ಗಾಳಿಗೆ ಎದುರಾಗಿ ಕೂರುತ್ತಿದ್ದರು. ಇದನ್ನೆಲ್ಲ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟೇ ಹೊತ್ತಿಗೆ ಬರುತ್ತೇವೆ ಎಂಬ ಮಾತೂ ನಮ್ಮ ನಡುವೆ ಇರಲಿಲ್ಲ. ನೀರು ಇಳಿಯುವ ಹೊತ್ತು ದಿನದಿನಕ್ಕೆ ಮುಂದೆ ಸರಿಯುತ್ತದೆ, ನಾವೂ ಅದರ ಹಿಂದೆಯೇ ಸರಿಯುತ್ತಿದ್ದೆವು. ತಮ್ಮ ಇಲಾಖೆಯ ಯಾವ ಗಡಿಯಾರಕ್ಕಿಂತಲೂ ಅದು ನಂಬಿಕಸ್ತ ಗಡಿಯಾರ.

ಚಳಿಗಾಲದ ಕೊನೆಗೆ ನನಗೆ ಎದೆಯಲ್ಲಿ ಕಫ ಕಟ್ಟಿ ಕೆಲವು ವಾರ ಕೋಣೆ ಬಿಟ್ಟು ಹೊರಬರಲಾಗಲಿಲ್ಲ. ಚೇತರಿಸಿಕೊಂಡು ಬಂದು ನೋಡಿದರೆ ಬೆಂಚಿಲ್ಲ, ಗೂಡಂಗಡಿಯಿಲ್ಲ, ಕಂಬದ ಮೊಳೆಗಳೂ ಇಲ್ಲ. ಮರಳಿಗೆ ಇಳಿಯುವ ಮೆಟ್ಟಿಲಿಗೆ 'ಸುರಕ್ಷತೆಯ ದೃಷ್ಟಿಯಿಂದ' ಬೀಗ. ಮರಳಿನಲ್ಲಿ ಚಿಪ್ಪು ಹೆಕ್ಕುವುದು ನಿಷೇಧ. ಚಿಪ್ಪು ಬೇಕಾದವರು ತಮ್ಮ ಉಡುಗೊರೆ ಅಂಗಡಿಯಲ್ಲಿ ಕೊಳ್ಳಬಹುದು, ಹೊಳಪು ಕೊಟ್ಟು ಡಬ್ಬಿಯಲ್ಲಿಟ್ಟಿದ್ದಾರೆ. ಬಾಗಿಲಲ್ಲಿ ಕೋಟು ತೊಟ್ಟ ವ್ಯವಸ್ಥಾಪಕರು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, "ಒಬ್ರೇನಾ?" ಎಂದರು.

ಮಾನ್ಯರೇ, ಆ ಒಂದು ಪದವನ್ನು ತಾವು ಯಾವತ್ತಾದರೂ ಕೇಳಿಸಿಕೊಂಡಿದ್ದೀರಾ? ತಮ್ಮ ಹಿಂದೆ ಸದಾ ಇಬ್ಬರು ಕಡತ ಹಿಡಿದು ನಿಂತಿರುತ್ತಾರೆ, ಕೇಳಿಸಿಕೊಂಡಿರಲಾರಿರಿ. ಸಿನಿಮಾದಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಕೇಳಿಸಿಕೊಂಡು ನನಗೆ ಅಭ್ಯಾಸವಾಗಿದೆ. ಸಮುದ್ರದ ಎದುರು ಕೇಳಬೇಕಾದೀತು ಎಂದು ಮಾತ್ರ ಎಣಿಸಿರಲಿಲ್ಲ.

ನಾನೂ ಹಟದವಳೇ. ಮರುದಿನ ಫೋನು ಮಾಡಿ ಇಬ್ಬರಿಗೆಂದು ಮೇಜು ಕಾದಿರಿಸಿದೆ. ಇದ್ದ ಒಂದೇ ಒಳ್ಳೆಯ ಶಾಲು ಹೊದ್ದು ಹೋಗಿ ಕೂತೆ. ಎದುರಿನ ಕುರ್ಚಿ ಖಾಲಿ ಇದ್ದರೆ, ಚಪ್ಪಲಿ ಹೆಕ್ಕುವ ಅವರು ಜೆಟ್ಟಿಯ ಮೇಲೆ ಹಾದುಹೋಗುವಾಗ ಕಾಣುತ್ತದೆ, ಬಂದು ಕೂರುತ್ತಾರೆ ಎಂಬ ಆಸೆ. ಬಡಿಸುವವನು ಎರಡು ತಟ್ಟೆ, ಎರಡು ಲೋಟ ಇಟ್ಟು ಕೇಳಿದ.

"ಜೊತೆಯವರು ಬರ್ಲಿ ಅಂತೀರಾ, ಈಗ್ಲೇ ತರ್ಲಾ?"

"ಬರ್ತಾರೆ, ಸ್ವಲ್ಪ ಇರಪ್ಪ" ಎಂದೆ.

ಬಿಸಿಲು ಇಳಿಯಿತು. ಅವನು ಮತ್ತೆ ಮತ್ತೆ ಬಂದು ನೀರು ತುಂಬಿಸಿದ. ಕೊನೆಗೆ ಬಗ್ಗಿ, ಪಾಪ, ಬೇರೆಯವರಿಗೆ ಕೇಳಿಸದಂತೆ, "ಫೋನ್ ಮಾಡಿ ನೋಡಿ ಅಮ್ಮಾ, ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿರ್ಬೇಕು" ಎಂದ. ನಾನು ಫೋನು ತೆಗೆದು ಕಿವಿಗಿಟ್ಟುಕೊಂಡೆ. ಯಾವ ಸಂಖ್ಯೆಗೆ ಮಾಡಲಿ? ಸುಮ್ಮನೆ "ಹ್ಞೂಂ, ಹ್ಞೂಂ" ಎಂದು ಕೆಳಗಿಟ್ಟೆ. "ಇವತ್ತು ಆಗಲ್ವಂತೆ" ಎಂದೆ. ಆ ಹುಡುಗ ಎರಡನೇ ತಟ್ಟೆಯನ್ನು ಸದ್ದು ಮಾಡದೆ ಎತ್ತಿಕೊಂಡು ಹೋದ. ತಮ್ಮ ಇಡೀ ಯೋಜನೆಯಲ್ಲಿ ನನಗೆ ಮರ್ಯಾದೆ ಕೊಟ್ಟವನು ಅವನೊಬ್ಬನೇ. ಈ ಪತ್ರದ ಕಾರಣಕ್ಕೆ ಅವನನ್ನು ಕೆಲಸದಿಂದ ತೆಗೆಯಬೇಡಿ.

ಆಮೇಲೆ ಹುಡುಕಲು ಹೊರಟೆ. ಅಕ್ಕನನ್ನು ತಾವು ಒಳಗಿನ ಅಡುಗೆಮನೆಗೆ ಸೇರಿಸಿಕೊಂಡಿದ್ದೀರಿ, ತಲೆಗೆ ಬಲೆಯ ಟೋಪಿ ಹಾಕಿ. ಹಿಂಬಾಗಿಲಲ್ಲಿ ಸಿಕ್ಕರು. "ನಂಗೂ ಗೊತ್ತಿಲ್ವಲ್ಲಮ್ಮಾ. ಕೇಳ್ಬೇಡಿ ಕೇಳ್ಬೇಡಿ ಅಂತ ನಾನೇ ಎಲ್ರ ಬಾಯಿ ಮುಚ್ಚಿಸ್ತಿದ್ದೆ" ಎಂದು ಕಣ್ಣೊರೆಸಿಕೊಂಡರು. ಗೇಟಿನ ಕಾವಲುಗಾರರ ಬಳಿ ಹೋದೆ.

"ಹೆಸರೇನು?"

"ಗೊತ್ತಿಲ್ಲ."

"ಮನೆ ಎಲ್ಲಿ?"

"ಗೊತ್ತಿಲ್ಲ. ಎತ್ತರಕ್ಕಿದ್ದಾರೆ. ಚಪ್ಪಲಿ ಹೆಕ್ತಾರೆ."

"ನಿಮಗೇನಾಗ್ಬೇಕು ಅವರು?"

ಅಣ್ಣನಲ್ಲ, ಭಾವನಲ್ಲ, ನೆಂಟರಲ್ಲ, ನೆರೆಯವರಲ್ಲ. ಗೆಳೆಯರು ಎನ್ನೋಣವೆಂದರೆ ಹೆಸರು ಗೊತ್ತಿಲ್ಲದವರು ಎಂಥ ಗೆಳೆಯರು? "ಎದುರುಗಡೆ ಕೂರೋರು" ಎಂದೆ. ಕಾವಲುಗಾರರು ನಗಲಿಲ್ಲ. ಸ್ವಲ್ಪ ಯೋಚಿಸಿ, "ಅಂಥವರೊಬ್ರು ಬಂದಿದ್ರಮ್ಮ, ಬೆಂಚು ಕಿತ್ತ ಮಾರನೇ ದಿನ. ಆ ಜಾಗ ನೋಡ್ತಾ ತುಂಬಾ ಹೊತ್ತು ನಿಂತಿದ್ರು. 'ಇಲ್ಲಿ ಒಬ್ಬರು ಅಮ್ಮ ಬರ್ತಿದ್ರಲ್ಲ, ಬಂದ್ರಾ?' ಅಂತ ಕೇಳಿದ್ರು. ಯಾವ ಅಮ್ಮ, ಹೆಸರೇನು ಅಂದೆ. ಅವರಿಗೂ ಗೊತ್ತಿರ್ಲಿಲ್ಲ. ಹೊರಟ್ಹೋದ್ರು" ಎಂದರು.

ಆಗ ನಾನು ಕೆಮ್ಮುತ್ತಾ ಮಲಗಿದ್ದೆ. ನಾನು ಸತ್ತೇಹೋದೆ ಎಂದುಕೊಂಡಿರಬಹುದು ಅವರು. ನನ್ನ ವಯಸ್ಸಿನವರು ಇದ್ದಕ್ಕಿದ್ದಂತೆ ಬರುವುದು ನಿಲ್ಲಿಸಿದರೆ ಜನ ಮತ್ತೇನೆಂದುಕೊಳ್ಳುತ್ತಾರೆ?

ನನಗೆ ಒಂಟಿತನ ಕಾಡುತ್ತದೆ. ಈ ವಾಕ್ಯ ಬರೆಯಲು ನಾಚಿಕೆಯಾಯಿತು, ಒಮ್ಮೆ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಕೋಣೆಯಲ್ಲಿ ಮಾತಾಡುವುದು ಹೊಲಿಗೆ ಯಂತ್ರ ಮಾತ್ರ. ಗಿರಾಕಿಗಳು ಬರುತ್ತಾರೆ, ಸೊಂಟ ಎಷ್ಟು ಇಂಚು ಎಂಬಲ್ಲಿಗೆ ಮಾತು ಮುಗಿಯುತ್ತದೆ. ತಂಗಿ ಫೋನು ಮಾಡಿ ಮಾತ್ರೆ ನುಂಗಿದೆಯಾ ಎನ್ನುತ್ತಾಳೆ. 'ಇವತ್ತು ಏನ್ ಸಿಕ್ತು?' ಎಂದು ಕೇಳುವವರು ಯಾರೂ ಇಲ್ಲ. ಇದನ್ನು ಸರಿಪಡಿಸಿ ಎಂದು ಸರ್ಕಾರವನ್ನು ಕೇಳುವಷ್ಟು ದಡ್ಡಿ ನಾನಲ್ಲ. ನಾವೇ ಸರಿಪಡಿಸಿಕೊಂಡಿದ್ದೆವು, ತಾವು ಬಂದು ಕೆಡಿಸಿದಿರಿ ಎಂಬುದಷ್ಟೇ ನನ್ನ ತಕರಾರು. ಇಬ್ಬರಾಗಿ ಬಂದವರಿಗೆ ಎಲ್ಲಿ ಕೂತರೂ ನಡೆಯುತ್ತದೆ, ಅವರು ಹೇಗೂ ಒಬ್ಬರನ್ನೊಬ್ಬರು ನೋಡಿಕೊಂಡಿರುತ್ತಾರೆ. ಎದುರಿಗೆ ಯಾರಾದರೂ ಬಂದು ಕೂತಾರು ಎಂಬ ಬೆಂಚು ಬೇಕಾಗಿರುವುದು ಒಬ್ಬರೇ ಬಂದವರಿಗೆ. ಇಷ್ಟು ಸರಳ ಲೆಕ್ಕ ತಮ್ಮ ಸಭೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಆದ್ದರಿಂದ ನನ್ನ ಒತ್ತಾಯ ಇಷ್ಟು. ಬೆಂಚನ್ನು ಅದೇ ಜಾಗಕ್ಕೆ ತಂದು ಹಾಕಿಸಿ. ಮೆಟ್ಟಿಲಿನ ಬೀಗ ತೆಗೆಸಿ. ತಮ್ಮ ಗಾಜಿನ ಮೇಜು, ಬಣ್ಣದ ದೀಪ, ಡಾಲ್ಫಿನ್ನು ಎಲ್ಲ ಇರಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಅವರನ್ನು ಹುಡುಕಲು ನನಗಿರುವ ವಿಳಾಸ ಆ ಬೆಂಚೊಂದೇ, ಅದನ್ನು ವಾಪಸ್ಸು ಕೊಡಿ.

ಇದನ್ನು ತಮ್ಮ ಕಚೇರಿಗೇ ಕಳಿಸಬಹುದಿತ್ತು. ಪತ್ರಿಕೆಗೆ ಕೊಟ್ಟಿದ್ದು ತಮ್ಮ ಮಾನ ಕಳೆಯಲು ಎಂದು ತಿಳಿಯಬೇಡಿ. ಅವರು ದಿನಾ ಪತ್ರಿಕೆ ಓದುತ್ತಿದ್ದರು, ಓದುಗರ ಪತ್ರಗಳಿಂದಲೇ ಶುರು ಮಾಡುತ್ತಿದ್ದರು. ತಮ್ಮ ಅಪ್ಪಣೆಯಾದರೆ ಉಳಿದ ಮಾತು ಅವರಿಗೆ.

ರೀ, ನಾನು ಸತ್ತಿಲ್ಲ. ಬರೀ ಕೆಮ್ಮು. ಈಗ ವಾಸಿಯಾಗಿದೆ. ನೀರು ಇಳಿಯುವ ಹೊತ್ತಿಗೆ ದಿನಾ ಹೊರಗೇಟಿನ ಬಳಿ, ಐಸಿನ ಪೆಟ್ಟಿಗೆಗಳ ಪಕ್ಕ ನಿಂತಿರುತ್ತೇನೆ. ಬನ್ನಿ. ಈ ಸಲ ಹೆಸರು ಕೇಳುತ್ತೇನೆ.

ಇಂತಿ,
ಹೆಸರು ಬರೆದರೂ ಗುರುತು ಸಿಗದವಳು