ಹೊಟ್ಟೆಬಾಕನ ಡ್ರಮ್ಮು ಏರುತ್ತಿದೆ

ತಾರೀಖು ಹದಿನಾರು, ಮಂಗಳವಾರ
ಮಧ್ಯಾಹ್ನ, ಹಿತ್ತಲ ಮೆಟ್ಟಿಲ ಮೇಲಿಂದ

ಮುನಿಸಿಕೊಂಡು ಹೋದವರಿಗೆ,

ಏನೆಂದು ಕರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ‘ಪ್ರೀತಿಯ’ ಎಂದು ಬರೆದರೆ ನೀವು ನಗುತ್ತೀರಿ. ಬರೆಯದಿದ್ದರೆ ಇವಳಿಗಿನ್ನೂ ಕೋಪ ಇಳಿದಿಲ್ಲ ಅಂದುಕೊಳ್ಳುತ್ತೀರಿ. ಇಳಿದಿದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಏಳು ತಿಂಗಳಾದ ಮೇಲೆ ಬರೆಯುತ್ತಿರುವುದು ಒಂದು ಕೆಲಸದ ವಿಷಯಕ್ಕೆ. ಬೇರೇನೂ ತಿಳಿಯಬೇಡಿ.

ವಿಷಯ ಇಷ್ಟು: ಹಿತ್ತಲಲ್ಲಿ ನೀವು ಕಟ್ಟಿದ ಗ್ಯಾಸಿನ ಟ್ಯಾಂಕು, ಅದೇ ನಿಮ್ಮ ಹೊಟ್ಟೆಬಾಕ, ಗ್ಯಾಸು ತುಂಬಿದಷ್ಟೂ ಮೇಲೇಳುವ ಅದರ ಡ್ರಮ್ಮು ಮೂರು ವಾರದಿಂದ ಏರುತ್ತಲೇ ಇದೆ. ಯಾಕೆ ಅಂತ ಮೊನ್ನೆ ಶುಕ್ರವಾರದ ತನಕ ಅರ್ಥವಾಗಿರಲಿಲ್ಲ. ಅರ್ಥವಾದ ಮೇಲೆ ತಲೆ ಇನ್ನಷ್ಟು ಕೆಟ್ಟಿದೆ.

ನಾನು ಅದನ್ನು ಗುಜರಿಗೆ ಹಾಕಿರುತ್ತೇನೆ ಅಂದುಕೊಂಡಿದ್ದಿರೇನೋ. ಹಾಕಲಿಲ್ಲ. ನೀವು ಹೋದ ವಾರವೇ ಸತ್ತ ಬಗ್ಗಡವನ್ನೆಲ್ಲ ಎತ್ತಿ ಸುರಿದು, ಟ್ಯಾಂಕು ತೊಳೆದು, ಹಾಲಿನವಳ ಕೊಟ್ಟಿಗೆಯಿಂದ ಸಗಣಿ ಹೊತ್ತು ತಂದು ಹೊಸದಾಗಿ ಹೆಪ್ಪು ಹಾಕಿದೆ. ನಲವತ್ತು ದಿನ ಕಾದೆ. ಹಟ ಅಂದುಕೊಳ್ಳಿ. ಆಮೇಲೆ ತರಕಾರಿ ಅಂಗಡಿಯಲ್ಲಿ ನನ್ನ ತಕ್ಕಡಿಯ ಪಕ್ಕ ಬೀಳುವ ಕೊಳೆತ ಸೊಪ್ಪು, ಒಡೆದ ಟೊಮೆಟೊ, ಸಿಪ್ಪೆ, ದಿನಕ್ಕೆ ಎರಡೇ ಕಿಲೋ ತೂಗಿ ತಂದು, ಹೆಚ್ಚಿ, ನೀರಲ್ಲಿ ಕಲಸಿ ಹಾಕುತ್ತಾ ಬಂದೆ. ನಿಮ್ಮ ನೋಟುಬುಕ್ಕಿನಲ್ಲೇ ಬರೆದಿಡುತ್ತಿದ್ದೇನೆ. ಡ್ರಮ್ಮಿಗೆ ನೀವು ಬಳಿದ ಬಿಳಿ ಪಟ್ಟಿಗಳಲ್ಲಿ ಬೆಳಿಗ್ಗೆ ಮೂರನೆಯದು ಕಾಣುತ್ತಿತ್ತು, ಒಲೆ ಒಂದು ಗಂಟೆ ಉರಿಯುತ್ತಿತ್ತು. ಇಬ್ಬರು ಹೆಂಗಸರ ಅಡುಗೆಗೆ ಧಾರಾಳವಾಯಿತು.

ಈಗ ನಾಲ್ಕನೆಯ ಪಟ್ಟಿಯೂ ಮೇಲೆ ಬಂದು, ಅಂಚಿನಲ್ಲಿ ಗುಳುಗುಳು ಅನ್ನುತ್ತದೆ. ಒಲೆ ಎರಡು ಗಂಟೆ ಉರಿದರೂ ಆರುವುದಿಲ್ಲ. ನಾನು ಹಾಕುವುದು ಅದೇ ಎರಡು ಕಿಲೋ. ತಿನ್ನುವುದು ಅಷ್ಟೇ ಆದರೆ ಹೊಟ್ಟೆ ಊದುವುದು ಹೇಗೆ? ಬಿಸಿಲು ಜಾಸ್ತಿಯೇ ಎಂದರೆ ಮೂರು ವಾರದಿಂದ ಮೋಡ. ತಕ್ಕಡಿ ಕೆಟ್ಟಿದೆಯೇ ಎಂದು ತೂಕದ ಕಲ್ಲಿಟ್ಟು ನೋಡಿದೆ, ಸರಿಯಾಗೇ ಇದೆ. ನಿಮ್ಮನ್ನು ಕೇಳೋಣ ಎಂದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ಬಗ್ಗಡ ಒಯ್ಯಲು ಶನಿವಾರ ಶನಿವಾರ ಬರುವ ಸಸಿ ಮಾರುವವನು ಹಿಂದಿನ ವಾರ, “ಅಕ್ಕಾ, ಇದಕ್ಕೇನು ಈಗೀಗ ಮದುವೆ ಊಟ ಹಾಕ್ತಿದ್ದೀರಾ? ನನ್ನ ಗಿಡಗಳು ನೋಡ್ನೋಡ್ತಾ ಇದ್ದಂಗೆ ಬೆಳೀತಿವೆ” ಅಂದ. ನಕ್ಕುಬಿಟ್ಟೆ. ಅವನು ಹೋದ ಮೇಲೆ, ಟ್ಯಾಂಕಿಗೆ ಕಲಸಿದ್ದನ್ನು ಸುರಿಯುವ ಕೊಳವೆಯ ಬಾಯಿ ಒರೆಸುವಾಗ ನಾಲ್ಕು ಅಗುಳು ಅಂಟಿದ್ದವು. ಬೆಂದ ಅನ್ನದ ಅಗುಳು. ನಾನು ಅದಕ್ಕೆ ಅನ್ನ ಹಾಕಿಯೇ ಇಲ್ಲ. ನಮ್ಮ ಮನೆಯಲ್ಲಿ ಅನ್ನ ಉಳಿಯುವುದೂ ಇಲ್ಲ.

ಇಲ್ಲಿಂದ ಮುಂದೆ ಓದುವಾಗ ಕೂಗಾಡಬೇಡಿ. ಸುತ್ತ ನಿಮ್ಮ ಜೊತೆ ಕೆಲಸ ಮಾಡುವವರು ಇರುತ್ತಾರೆ.

ಶುಕ್ರವಾರ ಅಂಗಡಿಯ ಶಟರು ಕೆಟ್ಟು, ಮಧ್ಯಾಹ್ನಕ್ಕೇ ಮನೆಗೆ ಬಂದೆ. ಹಿತ್ತಲಲ್ಲಿ ಅತ್ತೆ ಕೂತಿದ್ದಾರೆ. ನಾನು ಬೆಳಿಗ್ಗೆ ಬಡಿಸಿ ಮುಚ್ಚಿಟ್ಟು ಹೋಗಿದ್ದ ತಟ್ಟೆ ತೊಡೆಯ ಮೇಲಿದೆ. ಅನ್ನ, ಪಲ್ಯ ಎಲ್ಲವನ್ನೂ ಚೊಂಬಿನ ಬೆಚ್ಚಗಿನ ನೀರಲ್ಲಿ ಕಿವುಚಿ, ಹಲ್ಲು ಬಾರದ ಮಗುವಿಗೆ ಕಲಸುವಂತೆ ನುಣ್ಣಗೆ ಕಲಸಿ, ಕೊಳವೆಗೆ ಸುರಿಯುತ್ತಿದ್ದಾರೆ. ಸುರಿದು, ತಟ್ಟೆ ತೊಳೆದು, ಆ ನೀರನ್ನೂ ಹಾಕಿದರು. ಹಾಕಿ, “ತಿನ್ನಪ್ಪಾ” ಅಂದರು, ಟ್ಯಾಂಕಿಗೆ.

ನಾನು ಏನಿದು ಅತ್ತೆ ಅಂದರೆ, “ನೀನ್ಯಾಕೆ ಇಷ್ಟು ಬೇಗ ಬಂದೆ?” ಎಂದು ನನ್ನನ್ನೇ ಗದರಿದರು. ಕಳ್ಳಿ ನಾನೇ ಎಂಬ ಹಾಗೆ! ನನಗೂ ರೇಗಿತು. ಬಾಯಿಗೆ ಬಂದಂತೆ ಅಂದೆ. ಅಂದ ಮೇಲೆ ಕೈ ಹಿಡಿದು ನೋಡಿದರೆ ಬಳೆ ಮೊಣಕೈ ತನಕ ಜಾರುತ್ತಿದೆ. ಒಂದೇ ಮನೆಯಲ್ಲಿದ್ದೂ ನನ್ನ ಕಣ್ಣಿಗೆ ಏನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮೂರು ವಾರದ ಹಿಂದೆ ನಿಮ್ಮ ಕಾಗದ ಬಂದಿತ್ತಲ್ಲ, ಅವರ ಹೆಸರಿಗೆ. ಅವರಿಗೆ ಸಣ್ಣ ಅಕ್ಷರ ಕಾಣದು, ನಾನೇ ಓದಿ ಹೇಳಿದೆ. ಹೊಲದ ಹುಲ್ಲು, ಹೊಟ್ಟು, ದಂಟು ಒತ್ತಿ ಉರುವಲ ಗುಳಿಗೆ ಮಾಡುವ ಕಾರ್ಖಾನೆಯಲ್ಲಿ ಬೋಲ್ಟು ಬಿಗಿಯುತ್ತಿದ್ದೀರಿ, ಕೆಮ್ಮು ಬಂದಿತ್ತು, ವಾಸಿಯಾಯಿತು. ಕೊನೆಗೆ, ‘ನನ್ನ ಟ್ಯಾಂಕು ಕೊಂದವಳ ಕೈಯಲ್ಲಿ ಅದು ಹೇಗೆ ಊಟ ಮಾಡುತ್ತೀಯೋ ಅಮ್ಮ.’ ಆ ಸಾಲು ಬಿಟ್ಟು ಓದಬಹುದಿತ್ತು. ಬಿಡಲಿಲ್ಲ. ಮಗ ಎಂಥವನೆಂದು ತಿಳಿಯಲಿ ಎಂದು ಗಟ್ಟಿಯಾಗಿಯೇ ಓದಿದೆ. ಮರುದಿನದಿಂದ ಅವರ ಮಧ್ಯಾಹ್ನದ ಊಟ ಟ್ಯಾಂಕಿಗೆ.

ಯಾಕೆಂದರೆ ಕೊಂದದ್ದು ಅವರಂತೆ. ದೊಡ್ಡ ಕಂಪನಿಯ ಮೂವರು ನಿಮ್ಮ ಟ್ಯಾಂಕು ನೋಡಲು ಬರುವವರಿದ್ದರಲ್ಲ, ಅದಕ್ಕೆ ಮೂರು ದಿನ ಮೊದಲಿನಿಂದ ಅತ್ತೆ ಮನೆ ತೊಳೆಯುತ್ತಿದ್ದರು. “ಬಂದೋರ ಮುಂದೆ ಮನೆ ನಾರಬಾರದು ಅಂತ” ದಿನಾ ಮಧ್ಯಾಹ್ನ ಕೊಳವೆಯ ಬಾಯಿಗೆ ಫಿನಾಯಿಲ್ ಸುರಿದರಂತೆ, ಒಂದು ಬಾಟಲಿ ಪೂರ್ತಿ. ಒಳಗೆ ಕಣ್ಣಿಗೆ ಕಾಣದ ಜೀವಗಳಿವೆ, ಕೊಳೆತದ್ದನ್ನು ತಿಂದು ಗ್ಯಾಸು ಕೊಡುವುದು ಅವೇ, ಫಿನಾಯಿಲ್ ಬಿದ್ದರೆ ಸಾಯುತ್ತವೆ ಎಂದು ಅವರಿಗೆ ಯಾರು ಹೇಳಿದ್ದರು? ನೀವು ನನಗೆ ಹೇಳಿದ್ದಿರಿ, ಅವರಿಗೆ ಹೇಳಲಿಲ್ಲ. ಇಡೀ ಮನೆಯೇ ಫಿನಾಯಿಲ್ ವಾಸನೆ ಹೊಡೆಯುತ್ತಿದ್ದದ್ದರಿಂದ ನಿಮ್ಮ ಮೂಗಿಗೂ ಗೊತ್ತಾಗಲಿಲ್ಲ. ಸಾಲದ್ದಕ್ಕೆ, ಹಳೇ ಗ್ಯಾಸು ತೋರಿಸಿದ ಎಂದು ಯಾರೂ ಆಡಬಾರದು, ಅವರೆದುರೇ ಹೊಸದಾಗಿ ಏರಬೇಕು ಎಂದು ಹಿಂದಿನ ದಿನ ನೀವೇ ಡ್ರಮ್ಮು ಖಾಲಿ ಮಾಡಿದಿರಿ. ಅದು ಏರಲಿಲ್ಲ. ಕಡ್ಡಿ ಗೀರಿದಿರಿ, ಗೀರಿದಿರಿ, ಆಮೇಲೆ ಆ ಮೂವರ ಮುಂದೆ ನನ್ನತ್ತ ತಿರುಗಿ, ಇದಕ್ಕೆ ಏನು ಹಾಕಿದೆ ಹೇಳು ಎಂದಿರಿ.

“ಕೊಂದೋಳು ನಾನು, ಬೈಸ್ಕೊಂಡೋಳು ನೀನು. ಅವನು ಬಂದು ಸರಿ ಹೋಯ್ತಮ್ಮ ಅನ್ನೋವರೆಗೂ ಮಧ್ಯಾಹ್ನ ನಾನು ಉಣ್ಣಲ್ಲ, ನನ್ನ ಪಾಲು ಅದಕ್ಕೇ” ಎನ್ನುತ್ತಾರೆ. ಭಾನುವಾರ ಇದೇ ಮೆಟ್ಟಿಲ ಮೇಲೆ ತಲೆ ಸುತ್ತಿ ಕುಸಿದರು. ಡಾಕ್ಟರಮ್ಮ, ಔಷಧಿ ಬೇಡ, ಹೊಟ್ಟೆಗೆ ಹಾಕಿ ಸಾಕು ಎಂದರು. ಹಾಕಿದರೆ ತಾನೇ! ನಾನು ಎದುರು ಕೂತರೆ ಎರಡು ತುತ್ತು, ಬೆನ್ನು ತಿರುಗಿಸಿದರೆ ಟ್ಯಾಂಕಿಗೆ. ಅಂಗಡಿ ಬಿಟ್ಟು ಎಷ್ಟು ದಿನ ಕಾವಲು ಕೂರಲಿ?

ಅದಕ್ಕೇ ಈ ಕಾಗದ. ನಿಮಗೆ ಹೇಳುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೆ, ಮುರಿದಿದ್ದೇನೆ. ಬನ್ನಿ, ಇಲ್ಲವಾದರೆ ಅಮ್ಮನಿಗೆ ಎರಡು ಸಾಲು ಬರೆಯಿರಿ. ನನಗೆ ಬರೆಯಬೇಕಾಗಿಲ್ಲ. ನಾನು ಯಾರ ಮೇಲೆ ಸಿಟ್ಟಾಗಬೇಕು ಎಂಬುದೇ ಈಗ ಬಗೆಹರಿಯುತ್ತಿಲ್ಲ. ತೊಳೆದವರ ಮೇಲೋ, ಖಾಲಿ ಮಾಡಿದವರ ಮೇಲೋ, ಅಥವಾ. ಇರಲಿ, ಅನ್ನ ಬೇಯುತ್ತಿದೆ, ಇಳಿಸಬೇಕು.

ಇಂತಿ,
ನಿಮ್ಮ ಮನೆಯಲ್ಲೇ ಇರುವ, ಇನ್ನೂ ಹೆಂಡತಿಯೇ ಇರಬಹುದಾದ
ನಾನು

ಮತ್ತೆ, ಬುಧವಾರ ಮಧ್ಯಾಹ್ನ:

ನಿನ್ನೆ ‘ಅಥವಾ’ ಎಂದು ನಿಲ್ಲಿಸಿದೆ. ಅಲ್ಲೊಂದು ವಿಷಯ ಮುಚ್ಚಿಟ್ಟಿದ್ದೇನೆ. ಮನೆ ತೊಳೆದ ಆ ಮೂರು ದಿನಗಳಲ್ಲಿ ಎರಡನೆಯ ಮಧ್ಯಾಹ್ನ ನಾನು ಬಟ್ಟೆ ಒಣಗಿಸುತ್ತಿದ್ದೆ. ಅತ್ತೆ ಕೊಳವೆಗೆ ಫಿನಾಯಿಲ್ ಬಾಟಲಿ ಬಗ್ಗಿಸುವುದನ್ನು ಕಣ್ಣಾರೆ ಕಂಡೆ. ಏನಾಗುತ್ತದೆ ಎಂದು ಗೊತ್ತಿತ್ತು. ಬೇಡ ಅತ್ತೆ ಎನ್ನಲು ಬಾಯಿ ತೆರೆದವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದೆ. ಒಲೆ ಉರಿದರೆ ಆ ಮೂವರು ಇಂಥ ಟ್ಯಾಂಕು ಕಟ್ಟಿಸಲು ನಿಮ್ಮನ್ನು ಎರಡು ವರ್ಷಕ್ಕೆ ದೂರ ಕರೆದುಕೊಂಡು ಹೋಗುತ್ತಿದ್ದರು. ಉರಿಯದಿದ್ದರೆ ನೀವು ಮನೆಯಲ್ಲಿ ಉಳಿಯುತ್ತೀರಿ ಎಂದುಕೊಂಡೆ. ನನಗೆ ನೀವು ಬೇಕಾಗಿತ್ತು, ಅಷ್ಟೇ.

ಇದನ್ನು ಈಗಷ್ಟೇ ಅತ್ತೆಗೆ ಹೇಳಿಬಿಟ್ಟೆ. ಹೇಳದೆ ಅವರಿಗೆ ಅನ್ನ ಬಡಿಸುವುದು ಹೇಗೆ? ಕೆನ್ನೆಗೆ ಬಾರಿಸುತ್ತಾರೆ ಎಂದು ಕಾದು ನಿಂತೆ. ಅವರು ತಟ್ಟೆ ತಾ ಅಂದರು. ಪೂರ್ತಿ ಉಂಡರು, ಇನ್ನೊಂದು ಸಲ ಹಾಕಿಸಿಕೊಂಡರು. ಕೈ ತೊಳೆಯುತ್ತಾ, ನನ್ನತ್ತ ನೋಡದೆ ಅಂದರು: “ಇದನ್ನ ಅವನಿಗೆ ಬರೀಬೇಡ. ನಾನೇ ಮಾಡ್ದೆ ಅಂತಲೇ ಇರ್ಲಿ. ಅಮ್ಮನ ಮೇಲೆ ಎಷ್ಟು ದಿನ ಅಂತ ಕೋಪ ಇಟ್ಕೋತಾನೆ? ನಿನ್ನ ಮೇಲಾದ್ರೆ ಬಿಡೋನಲ್ಲ.”

ಹೂಂ ಎಂದೆ. ಹೂಂ ಎಂದವಳೇ ಬಂದು ಇದನ್ನು ಬರೆದೆ. ಈ ಹಾಳೆಯನ್ನು ತೆಗೆದು ಬರೀ ನಿನ್ನೆಯದನ್ನು ಕಳಿಸಬೇಕೋ, ಎರಡನ್ನೂ ಕಳಿಸಬೇಕೋ ತಿಳಿಯದೆ, ಎರಡನ್ನೂ ಒಂದೇ ಲಕೋಟೆಗೆ ಹಾಕಿ ಅಂಟಿಸುತ್ತಿದ್ದೇನೆ.